ಬಂಕಿನ ಮುಂದೆ ಸಾಲು ಬೆಳೆದಾಗ

 

ಇತ್ತೀಚಿನ ಎರಡು ಜುಮಾಗಳಲ್ಲಿ ನಾವು ಪೆಟ್ರೋಲ್, ಗ್ಯಾಸ್, ಕರೆಂಟ್‌ಗಳ ಬಗ್ಗೆ ಮಾತಾಡಿದೆವು. ಮಿಂಬರ್ ಮೇಲೆ ನಿಂತು ಪೆಟ್ರೋಲ್ ವಿಷಯ ಏಕೆ ಎಂದು ಕೆಲವರು ಕೇಳಿದರು. ಬಂಕಿನ ಮುಂದಿನ ಸಾಲಿನಲ್ಲಿ ನಿಂತಾಗಲೂ ನಮ್ಮ ಮೇಲೆ ನೆರೆಯವನ ಹಕ್ಕು ಇದ್ದೇ ಇರುತ್ತದೆ ಎಂಬುದೇ ನಮ್ಮ ಉತ್ತರ. ಆ ಎರಡು ಬಯಾನ್‌ಗಳ ಸಾರಾಂಶವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ, ಲಾರಿ ಮುಷ್ಕರದ ಸುದ್ದಿ ಹಬ್ಬಿದ ಒಂದು ಸಂಜೆ, ಮಗ್ರಿಬ್ ನಮಾಜ್ ಮುಗಿಸಿ ಹೊರಬರುತ್ತಿದ್ದಂತೆ ಮೊಹಲ್ಲಾದ ಹುಡುಗನೊಬ್ಬ ಓಡಿಬಂದ. "ಹಜ್ರತ್, ನಾಳಿಂದ ಪೆಟ್ರೋಲ್ ಸಿಗಂಗಿಲ್ಲಂತೆ. ನಿಮ್ಮ ಗಾಡಿ ಕೀ ಕೊಡ್ರಿ, ಫುಲ್ ಮಾಡಿಸ್ಕೊಂಡು ಬರ್ತೀನಿ" ಎಂದ. ಸುದ್ದಿ ಎಲ್ಲಿಂದ ಬಂತೆಂದು ನಾವು ಕೇಳಲಿಲ್ಲ. ಗಾಡಿಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇತ್ತು. ಮನೆಯಿಂದ ಮಸೀದಿಗೆ, ಮಸೀದಿಯಿಂದ ಮನೆಗೆ ಓಡಾಡುವ ನಮಗೆ ಅದು ಒಂದು ವಾರಕ್ಕೆ ಸಾಕು. ಆದರೂ ಕೀ ಕೊಟ್ಟೆವು. ಹುಡುಗ ಒಂದೂವರೆ ಗಂಟೆ ಸಾಲಿನಲ್ಲಿ ನಿಂತು ಟ್ಯಾಂಕ್ ತುಂಬಿಸಿಕೊಂಡು ಬಂದ. ನಾವು "ಜಝಾಕಲ್ಲಾಹ್" ಎಂದು ಹರಸಿ ಮಲಗಿದೆವು.

ಬೆಳಿಗ್ಗೆ ಫಜ್ರ್‌ಗೆ ಬಂದ ಆಟೋ ಓಡಿಸುವ ಸಹೋದರರೊಬ್ಬರ ಮುಖ ಬಾಡಿತ್ತು. ರಾತ್ರಿ ಅವರೂ ಅದೇ ಬಂಕಿಗೆ ಹೋಗಿದ್ದರು. ಅವರ ಸರದಿ ಬರುವಷ್ಟರಲ್ಲಿ "ಸ್ಟಾಕ್ ಇಲ್ಲ" ಎಂಬ ಬೋರ್ಡ್ ಬಿದ್ದಿತ್ತು. ಅಂದು ಶಾಲೆಯ ಮಕ್ಕಳನ್ನು ಕರೆದೊಯ್ಯಲು ಅವರ ಆಟೋದಲ್ಲಿ ಎಣ್ಣೆ ಇರಲಿಲ್ಲ. ನಮ್ಮ ಗಾಡಿಯೋ ಮನೆ ಮುಂದೆ ತುಂಬಿದ ಹೊಟ್ಟೆಯಲ್ಲಿ ನಿಂತಿತ್ತು. ಪೈಪ್ ಹಾಕಿ ಎರಡು ಲೀಟರ್ ತೆಗೆದು ಅವರಿಗೆ ಕೊಟ್ಟೆವು. ಅವರು ಶುಕ್ರಿಯಾ ಹೇಳಿದಾಗ ನಮಗೆ ನಾಚಿಕೆಯಾಯಿತು. ಅವರ ಪಾಲನ್ನು ನಾವೇ ಎತ್ತಿಕೊಂಡು, ಅದರಲ್ಲೇ ಸ್ವಲ್ಪ ಹಿಂತಿರುಗಿಸಿದ್ದೆವು, ಅಷ್ಟೆ.

ಸಾಲೇ ಕೊರತೆಯನ್ನು ಹುಟ್ಟಿಸುತ್ತದೆ

ಅಂದು ಆ ಬಂಕಿನಲ್ಲಿ ನಡೆದದ್ದು ಏನು? ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ತಿಳಿಯುವುದಕ್ಕಾಗಿ ನಾವೇ ಇಟ್ಟುಕೊಂಡವು.

ಒಂದು ಬಂಕಿಗೆ 3,000 ಬೈಕ್ ಸವಾರರು ಗಿರಾಕಿಗಳು ಎಂದುಕೊಳ್ಳಿ. ಮಾಮೂಲಿ ದಿನದಲ್ಲಿ ಎಲ್ಲರೂ ಒಟ್ಟಿಗೆ ಬರುವುದಿಲ್ಲ. ದಿನಕ್ಕೆ 1,000 ಜನ ಬಂದು ಇನ್ನೂರು ರೂಪಾಯಿಯದ್ದು, ಅಂದರೆ ಹೆಚ್ಚು ಕಡಿಮೆ ಎರಡು ಲೀಟರ್, ಹಾಕಿಸಿಕೊಳ್ಳುತ್ತಾರೆ. ದಿನದ ಖರ್ಚು 2,000 ಲೀಟರ್. ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ 8,000 ಲೀಟರ್ ಇದ್ದರೆ ನಾಲ್ಕು ದಿನ ನಿಶ್ಚಿಂತೆ. ಅಷ್ಟರಲ್ಲಿ ಮುಂದಿನ ಟ್ಯಾಂಕರ್ ಬರುತ್ತದೆ.

ಈಗ ಸಂಜೆ ಐದಕ್ಕೆ ಒಂದು ಸುದ್ದಿ ಹಬ್ಬುತ್ತದೆ. 3,000 ಜನರೂ ಒಮ್ಮೆಗೇ ಬರುತ್ತಾರೆ. ಎಲ್ಲರೂ ಫುಲ್ ಟ್ಯಾಂಕ್ ಕೇಳುತ್ತಾರೆ. ಒಬ್ಬೊಬ್ಬರು ಆರು ಲೀಟರ್ ಹಾಕಿಸಿದರೂ 18,000 ಲೀಟರ್ ಬೇಕು. ಇರುವುದು 8,000. ಸಾಲಿನಲ್ಲಿ ಮುಂದಿದ್ದ 1,333 ಜನರಿಗೆ ಸಿಕ್ಕಿತು. ಹಿಂದಿದ್ದ 1,600ಕ್ಕೂ ಹೆಚ್ಚು ಜನರಿಗೆ ಒಂದು ಹನಿಯೂ ಸಿಗಲಿಲ್ಲ. ಅವರಲ್ಲಿ ಯಾರೋ "ಸ್ಟಾಕ್ ಇಲ್ಲ" ಎಂಬ ಬೋರ್ಡಿನ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಐದು ಗಂಟೆಗೆ ಸುಳ್ಳಾಗಿದ್ದ ಮಾತು ಒಂಬತ್ತು ಗಂಟೆಗೆ ನಿಜವಾಯಿತು. ಫೋಟೊ ನೋಡಿದ ಪಕ್ಕದ ಬಡಾವಣೆಯ ಜನ ತಮ್ಮ ಬಂಕಿಗೆ ಓಡುತ್ತಾರೆ.

ಇಲ್ಲಿ ಯಾರೂ ಹೆಚ್ಚು ಗಾಡಿ ಓಡಿಸಲಿಲ್ಲ. ಊರಿನಲ್ಲಿದ್ದ ಪೆಟ್ರೋಲ್ ಒಂದು ಲೀಟರ್ ಕೂಡ ಕಡಿಮೆಯಾಗಲಿಲ್ಲ. ಅದು ಬಂಕಿನ ಟ್ಯಾಂಕಿನಿಂದ ಮನೆ ಮುಂದೆ ನಿಂತ ಗಾಡಿಗಳ ಟ್ಯಾಂಕಿಗೆ ಜಾಗ ಬದಲಿಸಿತು, ಅಷ್ಟೆ. ಆದರೆ ಬಂಕಿನಲ್ಲಿದ್ದಾಗ ಅದು ಎಲ್ಲರದಾಗಿತ್ತು, ಬೇಕಾದವನು ಬಂದು ಪಡೆಯಬಹುದಿತ್ತು. ಈಗ ಅದು ಮೊದಲು ಓಡಿದವರ ಪಾಲಾಯಿತು.

ಬ್ರಿಟನ್‌ನಲ್ಲಿ, ಹೈದರಾಬಾದ್‌ನಲ್ಲಿ ಆದದ್ದು

ಇದು ಬರೀ ಕಾಗದದ ಲೆಕ್ಕವಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ಇದೇ ನಡೆಯಿತು. ಕೋವಿಡ್‌ನಿಂದಾಗಿ ಲಾರಿ ಚಾಲಕರ ಪರೀಕ್ಷೆಗಳು ನಿಂತಿದ್ದವು, ಯುರೋಪ್ ಒಕ್ಕೂಟದಿಂದ ಹೊರಬಂದ ಮೇಲೆ ಎಷ್ಟೋ ಹೊರದೇಶದ ಚಾಲಕರು ಮರಳಿರಲಿಲ್ಲ, ವಯಸ್ಸಾದವರು ನಿವೃತ್ತರಾಗಿದ್ದರು. ಸಂಸ್ಕರಣಾಗಾರಗಳಲ್ಲಿ ತೈಲ ಇತ್ತು, ಅದನ್ನು ಬಂಕಿಗೆ ಒಯ್ಯುವ ಚಾಲಕರು ಸಾಲದಾಗಿದ್ದರು. ಸೆಪ್ಟೆಂಬರ್ 23ರಂದು, ಬಿಪಿ ಕಂಪನಿ ತನ್ನ ಬೆರಳೆಣಿಕೆಯ ಬಂಕ್‌ಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತಿದೆ ಎಂಬ ಸುದ್ದಿ ಹೊರಬಿತ್ತು. ದೇಶದ ಸಾವಿರಾರು ಬಂಕ್‌ಗಳ ಎದುರು ಅದು ಏನೂ ಅಲ್ಲ. ಆದರೆ ಮರುದಿನದಿಂದಲೇ ಮೈಲುಗಟ್ಟಲೆ ಸಾಲು. ಮೂರು ದಿನ ಕಳೆಯುವಷ್ಟರಲ್ಲಿ, ಕೆಲವು ಪ್ರದೇಶಗಳಲ್ಲಿ ತನ್ನ ಸದಸ್ಯರ ಬಂಕ್‌ಗಳ ಪೈಕಿ ಶೇಕಡಾ 50ರಿಂದ 90ರಷ್ಟು ಖಾಲಿಯಾಗಿವೆ ಎಂದು ಅಲ್ಲಿನ ಬಂಕ್ ಮಾಲೀಕರ ಸಂಘ ಹೇಳಿತು. ಗಾಬರಿಯಾಗಬೇಡಿ ಎಂದು ಸರ್ಕಾರ ಹೇಳಿದಷ್ಟೂ ಜನರ ಗಾಬರಿ ಹೆಚ್ಚಿತು. ಕೊನೆಗೆ ಅಕ್ಟೋಬರ್ 4ರಿಂದ ಸುಮಾರು 200 ಸೈನಿಕ ಸಿಬ್ಬಂದಿಯನ್ನು ಇಂಧನ ಸಾಗಣೆಗೆ ಇಳಿಸಬೇಕಾಯಿತು. ಓದಿದ ದೇಶ, ಶ್ರೀಮಂತ ದೇಶ. ಭಯದ ಮುಂದೆ ಎರಡೂ ನಿಲ್ಲಲಿಲ್ಲ.

ನಮ್ಮ ಹತ್ತಿರಕ್ಕೇ ಬನ್ನಿ. 2024ರ ಜನವರಿ 1 ಮತ್ತು 2ರಂದು ಲಾರಿ, ಟ್ಯಾಂಕರ್ ಚಾಲಕರು ಹಲವು ರಾಜ್ಯಗಳಲ್ಲಿ ಕೆಲಸ ನಿಲ್ಲಿಸಿದರು. ಅಪಘಾತ ಮಾಡಿ ಪರಾರಿಯಾದರೆ ಹತ್ತು ವರ್ಷದವರೆಗೆ ಜೈಲು ಎಂದು ಹೇಳುವ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮನ್ನು ಅವರು ವಿರೋಧಿಸಿದ್ದರು. ಜನವರಿ 2ರಂದು ಹೈದರಾಬಾದ್‌ನಲ್ಲಿ ಬಂಕ್‌ಗಳ ಮುಂದೆ ಜನ ಮುಗಿಬಿದ್ದರು, ಎಷ್ಟೋ ಬಂಕ್‌ಗಳು ಖಾಲಿಯಾದವು. ಅಂದೇ ರಾತ್ರಿ ದೆಹಲಿಯಲ್ಲಿ ಮಾತುಕತೆ ನಡೆದು, ಆ ಕಲಮನ್ನು ಸಾಗಣೆದಾರರ ಸಂಘಟನೆಯೊಂದಿಗೆ ಚರ್ಚಿಸದೆ ಜಾರಿ ಮಾಡುವುದಿಲ್ಲ ಎಂಬ ಭರವಸೆ ಸಿಕ್ಕಿತು, ಚಾಲಕರಿಗೆ ಕೆಲಸಕ್ಕೆ ಮರಳುವಂತೆ ಕರೆ ಹೋಯಿತು. ಹೈದರಾಬಾದ್‌ನಲ್ಲಿ ನೆಂಟರಿರುವ ನಮ್ಮ ಎಷ್ಟೋ ಮನೆಗಳಿಗೆ ಆ ದಿನದ ವಿಡಿಯೊಗಳು ಬಂದಿದ್ದವು.

ಅದಕ್ಕೂ ಮುಂಚೆ, 2016ರ ನವೆಂಬರ್‌ನಲ್ಲಿ ಉಪ್ಪು ಸಿಗುವುದಿಲ್ಲ ಎಂಬ ಗಾಳಿಸುದ್ದಿ ಉತ್ತರ ಪ್ರದೇಶ, ದೆಹಲಿಯಿಂದ ಹೈದರಾಬಾದ್‌ವರೆಗೆ ಹಬ್ಬಿತ್ತು. ಮೂರು ಕಡೆ ಸಮುದ್ರವಿರುವ ದೇಶದಲ್ಲಿ ಜನ ರಾತ್ರೋರಾತ್ರಿ ಉಪ್ಪಿಗೆ ಸಾಲು ನಿಂತರು.

ನಿಜವಾದ ಕೊರತೆಯೂ ಇರುತ್ತದೆ

ಹಾಗೆಂದು ಎಲ್ಲ ಕೊರತೆಯೂ ಸುಳ್ಳಲ್ಲ. ನಮ್ಮ ಪಕ್ಕದ ಕುಡತಿನಿಯಲ್ಲಿ 1,700 ಮೆಗಾವಾಟ್‌ನ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಅದರ ಚಿಮಣಿ ನಮಗೆ ಕಾಣುತ್ತದೆ. ಆದರೂ 2023ರ ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟು, ಜಲಾಶಯಗಳಲ್ಲಿ ನೀರು ಕುಸಿದು, ಬೋರ್‌ವೆಲ್ ಮೋಟಾರುಗಳು ಒಟ್ಟಿಗೇ ಓಡತೊಡಗಿದಾಗ ರಾಜ್ಯದಲ್ಲಿ ಕರೆಂಟ್ ಸಾಲದಾಯಿತು. ಪಂಪ್‌ಸೆಟ್‌ಗಳಿಗೆ ಕೊಡುವ ತ್ರೀ ಫೇಸ್ ಕರೆಂಟಿನ ಗಂಟೆಗಳು ಇಳಿದವು. ಅದು ನಿಜವಾದ ಕೊರತೆ. ಅದನ್ನು ಯಾರೂ ಸುದ್ದಿಯಿಂದ ಹುಟ್ಟಿಸಿರಲಿಲ್ಲ.

2025ರ ಜುಲೈನಲ್ಲಿ ಯೂರಿಯಾ ವಿಷಯದಲ್ಲಿ ಆದದ್ದು ಎರಡೂ ಬೆರೆತ ಕತೆ. ಪಕ್ಕದ ಕೊಪ್ಪಳವೂ ಸೇರಿ ಹಲವು ಜಿಲ್ಲೆಗಳಲ್ಲಿ ರೈತರು ಗೊಬ್ಬರದ ಅಂಗಡಿಗಳ ಮುಂದೆ ಸಾಲು ನಿಂತರು. ಮಳೆ ಬೇಗ ಬಂದು ಬಿತ್ತನೆ ಹೆಚ್ಚಿತ್ತು, ಪೂರೈಕೆ ಸಾಲದಾಗಿತ್ತು. ಇದು ನಿಜ. ಆದರೆ ಮುಂದೆ ಸಿಗದಿದ್ದರೆ ಎಂಬ ಭಯಕ್ಕೆ ಎರಡು ಚೀಲ ಬೇಕಾದವರು ನಾಲ್ಕು ಚೀಲ ಒಯ್ದಾಗ ಇದ್ದ ಸಣ್ಣ ಕೊರತೆ ದೊಡ್ಡದಾಗುತ್ತದೆ. ಭತ್ತ ಬೆಳೆಯುವ ಸಿರುಗುಪ್ಪದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂದಹಾಗೆ, ಯೂರಿಯಾ ತಯಾರಾಗುವುದು ಮುಖ್ಯವಾಗಿ ನೈಸರ್ಗಿಕ ಅನಿಲದಿಂದ. ದೂರದ ದೇಶದಲ್ಲಿ ಅನಿಲ ತುಟ್ಟಿಯಾದರೆ ಅದರ ಬಿಸಿ ನಮ್ಮ ಗದ್ದೆಗೂ ಸರ್ಕಾರದ ಸಬ್ಸಿಡಿ ಲೆಕ್ಕಕ್ಕೂ ತಟ್ಟುತ್ತದೆ.

ಬೆಲೆ ಏಕೆ ಏರುತ್ತದೆ?

ಬೆಲೆ ಏರಿದಾಗಲೆಲ್ಲ ಅಂಗಡಿಯವನನ್ನು ಬೈಯುವ ಮುಂಚೆ ಬೆಲೆ ಹೇಗೆ ಕೂಡುತ್ತದೆ ಎಂದು ತಿಳಿಯಬೇಕು. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಅಡುಗೆ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು ಆಮದು, ಅದರಲ್ಲಿ ಬಹುಪಾಲು ಕೊಲ್ಲಿ ದೇಶಗಳಿಂದ. ಆ ಬೆಲೆಯ ಮೇಲೆ ಕೇಂದ್ರದ ಅಬಕಾರಿ ಸುಂಕ, ರಾಜ್ಯದ ಮಾರಾಟ ತೆರಿಗೆ, ಬಂಕಿನವರ ಕಮಿಷನ್ ಸೇರುತ್ತವೆ.

2024ರ ಜೂನ್ 15ರಂದು ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರ್‌ಗೆ 99.84 ಇದ್ದ ಪೆಟ್ರೋಲ್ 102.84 ಆಯಿತು. ಡೀಸೆಲ್ ಕೂಡ ಸುಮಾರು ಮೂರು ರೂಪಾಯಿ ಏರಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಶೇಕಡಾ 21.17 ಆಗಿ ಮತ್ತೆ ಎರಡು ರೂಪಾಯಿ ಹೆಚ್ಚಿತು. ಮನೆಯ 14.2 ಕಿಲೋ ಸಿಲಿಂಡರ್ ದೆಹಲಿ ದರದಲ್ಲಿ 2023ರ ಮಾರ್ಚ್‌ನಲ್ಲಿ 1,103 ರೂಪಾಯಿಗೆ ಏರಿ, ಆಗಸ್ಟ್‌ನಲ್ಲಿ 903ಕ್ಕೆ, 2024ರ ಮಾರ್ಚ್‌ನಲ್ಲಿ 803ಕ್ಕೆ ಇಳಿದು, 2025ರ ಏಪ್ರಿಲ್‌ನಲ್ಲಿ ಮತ್ತೆ 853 ಆಯಿತು.

ಬ್ರಿಟನ್‌ನಲ್ಲಿ ಸಾಮಾನ್ಯ ಮನೆಯೊಂದರ ವರ್ಷದ ಗ್ಯಾಸ್ ಮತ್ತು ಕರೆಂಟಿನ ದರಮಿತಿ 2021ರ ಅಕ್ಟೋಬರ್‌ನಲ್ಲಿ 1,277 ಪೌಂಡ್ ಇದ್ದದ್ದು 2022ರ ಏಪ್ರಿಲ್‌ನಲ್ಲಿ 1,971 ಪೌಂಡ್‌ಗೆ ಜಿಗಿಯಿತು. ಆ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದೋ, ಊಟ ಮಾಡುವುದೋ ಎಂಬ ಪ್ರಶ್ನೆ ಬಡವರ ಮುಂದೆ ಬಂತು. ಆಗ ಅಲ್ಲಿನ ಗ್ರಂಥಾಲಯಗಳು, ಚರ್ಚುಗಳು, ಮಸೀದಿಗಳು ಬಾಗಿಲು ತೆರೆದು, ಯಾರು ಬೇಕಾದರೂ ಬಂದು ಬೆಚ್ಚಗೆ ಕೂರಲು ಜಾಗ ಕೊಟ್ಟವು.

ತೆರಿಗೆ, ಯುದ್ಧ, ಡಾಲರ್ ಇವು ನಮ್ಮ ಕೈಯಲ್ಲಿಲ್ಲ. ಆದರೆ ಭಯದಿಂದ ಕೂಡುವ ಬೆಲೆ, ಬಚ್ಚಿಟ್ಟದ್ದರಿಂದ ಕೂಡುವ ಬೆಲೆ, ಇವೆರಡೂ ನಮ್ಮ ಕೈಯಲ್ಲಿವೆ. ಅಲ್ಲಾಹನ ಮುಂದೆ ನಾವು ಉತ್ತರ ಕೊಡಬೇಕಾದದ್ದು ಇವಕ್ಕೆ.

ದೀನ್ ಏನು ಹೇಳುತ್ತದೆ?

ಮೊದಲನೆಯದು ಸುದ್ದಿಯ ಅಮಾನತ್. ಸೂರಃ ಅಲ್ ಹುಜುರಾತ್‌ನ 6ನೇ ಆಯತ್, ನಂಬಿಕೆಗೆ ಅರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಆಜ್ಞಾಪಿಸುತ್ತದೆ. ಕಾರಣವನ್ನೂ ಅಲ್ಲಿಯೇ ಹೇಳಿದೆ: ತಿಳಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡಬಾರದು. ಆ ಹುಡುಗನಿಗೆ "ಯಾರು ಹೇಳಿದರಪ್ಪಾ?" ಎಂದು ಒಂದು ಮಾತು ಕೇಳದಿದ್ದದ್ದೇ ನಮ್ಮ ಮೊದಲ ತಪ್ಪು.

ಎರಡನೆಯದು ಇಹ್ತಿಕಾರ್, ಅಂದರೆ ಬೆಲೆ ಏರಲೆಂದು ಜನರಿಗೆ ಬೇಕಾದ ವಸ್ತುವನ್ನು ತಡೆಹಿಡಿಯುವುದು. ಹಾಗೆ ಮಾಡುವವನು ಪಾಪಿಯೆಂದು ಪ್ರವಾದಿ(ಸ) ಎಚ್ಚರಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಇದು ಧಾನ್ಯಕ್ಕೆ ಮಾತ್ರವೇ ಎಂದು ಕೇಳುವವರಿದ್ದಾರೆ. ನಮ್ಮ ಹನಫೀ ಇಮಾಮರಲ್ಲಿ ಇಮಾಮ್ ಅಬೂ ಯೂಸುಫ್(ರಹ್) ಅವರ ಅಭಿಪ್ರಾಯ ಸ್ಪಷ್ಟ: ಯಾವುದನ್ನು ತಡೆಹಿಡಿದರೆ ಸಾರ್ವಜನಿಕರಿಗೆ ತೊಂದರೆಯಾಗುತ್ತದೋ ಅದೆಲ್ಲ ಇಹ್ತಿಕಾರ್. ಈ ಕಾಲದಲ್ಲಿ ಪೆಟ್ರೋಲ್, ಡೀಸೆಲ್, ಗ್ಯಾಸ್, ಗೊಬ್ಬರ ಅದರಲ್ಲಿ ಸೇರುತ್ತವೆ.

ಮೂರನೆಯದು, ಮನೆಗೆ ಕೂಡಿಟ್ಟುಕೊಳ್ಳುವುದೆಲ್ಲ ತಪ್ಪಲ್ಲ. ಪ್ರವಾದಿ(ಸ) ತಮ್ಮ ಮನೆಯವರಿಗಾಗಿ ವರ್ಷದ ಆಹಾರ ತೆಗೆದಿಡುತ್ತಿದ್ದರು ಎಂಬುದು ಹ. ಉಮರ್(ರ) ಅವರ ವರದಿಯಿಂದ ತಿಳಿಯುತ್ತದೆ. ಪ್ರವಾದಿ ಯೂಸುಫ್(ಅ) ಸಮೃದ್ಧಿಯ ಏಳು ವರ್ಷ ಧಾನ್ಯ ಉಳಿಸಿ, ಬರದ ವರ್ಷಗಳಲ್ಲಿ ಅಳೆದು ಹಂಚಿದರು. ಹೇರಳವಾಗಿದ್ದಾಗ ಎತ್ತಿಟ್ಟರೆ ಅದು ಮುಂದಾಲೋಚನೆ. ಎಲ್ಲರಿಗೂ ಸಾಲದಾದ ದಿನ ಅಗತ್ಯಕ್ಕಿಂತ ಹೆಚ್ಚು ಎಳೆದುಕೊಂಡರೆ ಅದು ನೆರೆಯವನ ತಟ್ಟೆಗೆ ಕೈಹಾಕಿದಂತೆ.

ಎರಡು ಪ್ರಶ್ನೆಗಳು

ಬಯಾನ್ ಆದ ಮೇಲೆ ಎರಡು ಪ್ರಶ್ನೆಗಳು ಬಂದವು. ಒಂದು ಸಿರುಗುಪ್ಪದ ರೈತರದು: "ಭತ್ತದ ಕಟಾವು ಹತ್ತಿರ ಬಂದೈತೆ. ಟ್ರ್ಯಾಕ್ಟರ್‌ಗೆ ಎರಡು ಕ್ಯಾನ್ ಡೀಸೆಲ್ ತಂದಿಟ್ಕೊಂಡ್ರೆ ಗುನಾಹ್ ಆಗ್ತದಾ ಹಜ್ರತ್?"

ನಾವು ಹೇಳಿದೆವು: ಮೂರು ವಿಷಯ ನೋಡಿಕೊಳ್ಳಿ. ಆ ಡೀಸೆಲ್ ನಿಮ್ಮ ಕೆಲಸಕ್ಕೆ ನಿಜವಾಗಿ ಬೇಕೇ? ಸಾಲು ಇಲ್ಲದ ದಿನ ತಂದಿದ್ದೀರಾ? ನೀವು ಒಯ್ದ ಮೇಲೆ ಹಿಂದಿನವನಿಗೂ ಸಿಗುತ್ತದೆಯೇ? ಮೂರಕ್ಕೂ ಹೌದು ಎನ್ನುವುದಾದರೆ ನೆಮ್ಮದಿಯಿಂದ ಕಟಾವು ಮುಗಿಸಿ. ಮಾಗಿದ ಭತ್ತ ಮಳೆಗೆ ಸಿಕ್ಕಿ ಹಾಳಾದರೆ ಅದೂ ನಷ್ಟವೇ. ಆದರೆ ಎರಡು ಕ್ಯಾನ್ ಬೇಕಾದ ಕಡೆ ಎರಡು ಡ್ರಮ್ ತುಂಬಿ, "ಸಿಗದಿದ್ದರೆ ಬೇರೆಯವರಿಗೆ ಹೆಚ್ಚಿಗೆ ಮಾರಿದರಾಯಿತು" ಎಂಬ ನಿಯ್ಯತ್ ಮನಸ್ಸಿನಲ್ಲಿದ್ದರೆ, ಅಲ್ಲಿಂದ ಅದು ಇಹ್ತಿಕಾರ್.

ಇನ್ನೊಂದು ಕುರುಗೋಡು ಕಡೆಯ ಹಳ್ಳಿಯ ಅಂಗಡಿಯವರದು. ಬಂಕ್ ದೂರವಿರುವುದರಿಂದ ಅವರು ಬಾಟಲಿಯಲ್ಲಿ ಪೆಟ್ರೋಲ್ ಇಟ್ಟು ಮಾರುತ್ತಾರೆ. "ಗಲಾಟೆ ದಿನ ಬಾಟಲಿಗೆ ಐವತ್ತು ಹೆಚ್ಚಿಗೆ ಕೊಡ್ತೀವಿ ಅಂತ ಜನಾನೇ ಬರ್ತಾರೆ. ನಾನು ಕೇಳಲಿಲ್ಲ. ತಗೊಂಡ್ರೆ ತಪ್ಪಾ?"

ಬಾಟಲಿಯಲ್ಲಿ ಪೆಟ್ರೋಲ್ ಇಟ್ಟು ಮಾರುವುದು ಕಾನೂನಿಗೆ ವಿರುದ್ಧ. ಮೇಲಾಗಿ ಅದು ಅಂಗಡಿಯಲ್ಲಿ ಮಲಗುವ ನಿಮ್ಮ ಮಕ್ಕಳ ಜೀವದ ವಿಷಯ. ಮೊದಲು ಅದನ್ನು ನಿಲ್ಲಿಸಿ ಎಂದೆವು. ಇನ್ನು ಬೆಲೆಯ ಮಾತು. ಮಾರುಕಟ್ಟೆಯ ಏರಿಳಿತಕ್ಕೆ ತಕ್ಕಂತೆ ಮಾರುವುದು ವ್ಯಾಪಾರ. ಆದರೆ ಆ ಐವತ್ತು ರೂಪಾಯಿ ಬಂದದ್ದು ಪೆಟ್ರೋಲಿನಿಂದಲ್ಲ, ಗಿರಾಕಿಯ ಭಯದಿಂದ. ಒಬ್ಬನು ಆಸ್ಪತ್ರೆಗೆ ಹೋಗಬೇಕಾಗಿ ಆ ಹಣ ಕೊಟ್ಟಿದ್ದರೆ, ಅವನು ಕೊಟ್ಟದ್ದು ಖುಷಿಯಿಂದಲ್ಲ. ಅವರು ಸುಮ್ಮನೆ ಕೇಳಿದರು. ಒಪ್ಪಿದರೋ ಇಲ್ಲವೋ ಅಲ್ಲಾಹನೇ ಬಲ್ಲ. ಆದರೆ ಪ್ರಶ್ನೆ ಕೇಳಿದ ಮನಸ್ಸು ಜೀವಂತವಾಗಿದೆ, ಅಲ್ಹಮ್ದುಲಿಲ್ಲಾಹ್.

ನಾವು ಮಾಡಬಹುದಾದದ್ದು

ಸುದ್ದಿ ಬಂದರೆ ಮುಂದಕ್ಕೆ ಕಳಿಸುವ ಮುಂಚೆ ಬಂಕಿಗೋ, ಗ್ಯಾಸ್ ಏಜೆನ್ಸಿಗೋ ಒಂದು ಫೋನ್ ಮಾಡಿ. ಖಾಲಿ ಬೋರ್ಡಿನ ಫೋಟೊ ಹಂಚಬೇಡಿ. ಅದು ಸಾಲನ್ನು ಉದ್ದ ಮಾಡುತ್ತದೆ ಹೊರತು ಯಾರ ಟ್ಯಾಂಕನ್ನೂ ತುಂಬಿಸುವುದಿಲ್ಲ.

ಮಾಮೂಲಿ ದಿನಗಳಲ್ಲಿ ಗಾಡಿಯಲ್ಲಿ ಅರ್ಧ ಟ್ಯಾಂಕ್ ಇಟ್ಟುಕೊಳ್ಳುವ ಅಭ್ಯಾಸ ಮಾಡಿ. ಆಗ ಗಾಬರಿಯ ದಿನ ಸಾಲಿಗೆ ಹೋಗಲೇಬೇಕಿಲ್ಲ. ಅಂದು ಮನೆಯಲ್ಲೇ ಉಳಿದರೂ ಒಬ್ಬ ಆಟೋದವನಿಗೆ, ಒಬ್ಬ ನರ್ಸ್‌ಗೆ ಜಾಗ ಬಿಟ್ಟುಕೊಟ್ಟಂತೆ. ಸಾಲಿನಲ್ಲಿದ್ದರೆ ಆಂಬ್ಯುಲೆನ್ಸ್‌ಗೆ, ದುಡಿಮೆಯ ಗಾಡಿಗೆ ದಾರಿ ಬಿಡಿ.

ಮನೆಯಲ್ಲಿ ಕ್ಯಾನ್, ಬಾಟಲಿಗಳಲ್ಲಿ ಪೆಟ್ರೋಲ್ ಕೂಡಿಡಬೇಡಿ. ಒಂದೇ ಕೋಣೆಯಲ್ಲಿ ಅಡುಗೆಯೂ ನಿದ್ದೆಯೂ ನಡೆಯುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ನಮಗೇ ಗೊತ್ತು. ಮನೆಯ ಸಿಲಿಂಡರನ್ನು ಹೋಟೆಲಿಗೆ, ಶಾದಿಯ ಅಡುಗೆಗೆ ಕೊಡಬೇಡಿ. ಅದು ಕಾನೂನಿನಲ್ಲೂ ತಪ್ಪು, ಮತ್ತೊಂದು ಮನೆಯ ಒಲೆಯನ್ನೂ ಆರಿಸುತ್ತದೆ.

ಮಸೀದಿ ಕಮಿಟಿಗಳಿಗೂ ಒಂದು ಮನವಿ. ಸಾಲಿನಲ್ಲಿ ನಿಲ್ಲಲಾಗದ ಮುದುಕರು, ವಿಧವೆಯರು, ಮನೆಯಲ್ಲೇ ಜೀನ್ಸ್ ಹೊಲಿದು ಬದುಕುವ ಹೆಣ್ಣುಮಕ್ಕಳು ನಮ್ಮ ಮೊಹಲ್ಲಾದಲ್ಲಿ ಯಾರಿದ್ದಾರೆ ಎಂದು ಒಂದು ಪಟ್ಟಿ ಇರಲಿ. ಅದರಲ್ಲಿ ಮುಸ್ಲಿಮರು, ಮುಸ್ಲಿಮೇತರರು ಎಂಬ ಭೇದ ಬೇಡ. ಕಷ್ಟದ ವಾರದಲ್ಲಿ ಎರಡು ಸಿಲಿಂಡರ್ ಇರುವ ಮನೆಯಿಂದ ಒಂದೂ ಇಲ್ಲದ ಮನೆಗೆ ದಾರಿ ಮಾಡಿಕೊಡಲು ಆ ಪಟ್ಟಿ ಸಾಕು.

ಅಶ್‌ಅರೀ ಗೋತ್ರದವರ ಬಗ್ಗೆ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಒಂದು ಹದೀಸ್ ಇದೆ. ಯುದ್ಧದಲ್ಲೋ, ಊರಿನಲ್ಲೋ ಅವರ ಆಹಾರ ಕಡಿಮೆಯಾದರೆ, ಪ್ರತಿಯೊಬ್ಬನೂ ತನ್ನಲ್ಲಿದ್ದದ್ದನ್ನು ತಂದು ಒಂದೇ ಬಟ್ಟೆಯ ಮೇಲೆ ಸುರಿಯುತ್ತಿದ್ದರು. ನಂತರ ಒಂದೇ ಪಾತ್ರೆಯಲ್ಲಿ ಅಳೆದು ಸಮವಾಗಿ ಹಂಚಿಕೊಳ್ಳುತ್ತಿದ್ದರು. ಅವರನ್ನು ಪ್ರವಾದಿ(ಸ) ತಮ್ಮವರೆಂದು ಕರೆದರು. ಇದ್ದದ್ದು ಕಡಿಮೆಯಾದಾಗ ಅವರು ಓಡಿದ್ದು ಒಬ್ಬರನ್ನೊಬ್ಬರು ಹಿಂದಿಕ್ಕಲು ಅಲ್ಲ, ಒಬ್ಬರ ಬಳಿಗೊಬ್ಬರು ಸೇರಲು.

ಆ ಆಟೋದ ಸಹೋದರರು ಈಗಲೂ ನಮ್ಮ ಹಿಂದಿನ ಸಫ್‌ನಲ್ಲಿ ನಿಲ್ಲುತ್ತಾರೆ. ನಮಾಜಿನಲ್ಲಿ ನಾವು ಹೆಗಲಿಗೆ ಹೆಗಲು ಸೇರಿಸಿ ನಿಲ್ಲಿ ಎನ್ನುತ್ತೇವೆ. ಮಸೀದಿಯ ಒಳಗಿನ ಸಾಲಿನಲ್ಲಿ ಕಲಿತದ್ದನ್ನು ಹೊರಗಿನ ಸಾಲಿನಲ್ಲೂ ನೆನಪಿಟ್ಟುಕೊಳ್ಳುವ ತೌಫೀಕ್ ಅಲ್ಲಾಹನು ನಮಗೂ ನಿಮಗೂ ಕರುಣಿಸಲಿ. ಆಮೀನ್.